ಕೊನೆ ಸ್ವಲ್ಪ ಸಡಿಲ

ಜಯರಾಮನಿಗೆ ತಾನೊಬ್ಬ ಸಾಹಿತಿ ಎಂಬುದು ವರ್ಷಕ್ಕೊಮ್ಮೆ, ನವೆಂಬರಿನಲ್ಲಿ ನೆನಪಾಗುತ್ತಿತ್ತು. ಮಿಕ್ಕ ಹನ್ನೊಂದು ತಿಂಗಳು ಅವನು ವಿಶಾಖಪಟ್ಟಣದ ಗಾಜುವಾಕದ ಒಂದು ಖಾಸಗಿ ಲ್ಯಾಬಿನ ಹಿರಿಯ ಕೆಮಿಸ್ಟ್, ಬಂದರಿಗೆ ಬಂದಿಳಿದ ಕಲ್ಲಿದ್ದಲು ಒಳ್ಳೆಯದೋ ಕೆಟ್ಟದ್ದೋ ಎಂದು ರುಜು ಹಾಕಿ ಹೇಳುವವನು. ನವೆಂಬರ್ ಬಂತೆಂದರೆ ಆಂಧ್ರ, ತೆಲಂಗಾಣದ ಯಾವುದೋ ಊರಿನ ಕನ್ನಡ ಸಂಘ ಕಣ್ಣುಜ್ಜಿಕೊಂಡು ಏಳುತ್ತಿತ್ತು. ರಾಜ್ಯೋತ್ಸವಕ್ಕೆ ಒಬ್ಬ ಅತಿಥಿ ಬೇಕಲ್ಲ, ಬೆಂಗಳೂರಿನವರನ್ನು ಕರೆದರೆ ವಿಮಾನದ ಟಿಕೆಟ್ ಕೇಳುತ್ತಾರೆ, ವಿಶಾಖಪಟ್ಟಣದಲ್ಲೇ ಪುಸ್ತಕ ಬರೆದವನೊಬ್ಬ ಇದ್ದಾನಂತಲ್ಲ ಎಂದು ಯಾರಿಗೋ ಹೊಳೆಯುತ್ತಿತ್ತು. ಇದ್ದದ್ದು ನಿಜ. ಒಂದೇ ಒಂದು ಪುಸ್ತಕ, ನೂರಹನ್ನೆರಡು ಪುಟ, ಇಪ್ಪತ್ತು ವರ್ಷದ ಹಿಂದಿನದು. ಅದರ ನಂತರ ಅಲ್ಲೊಂದು ಇಲ್ಲೊಂದು ಕಥೆ, ಈಗ ಎಂಟು ವರ್ಷದಿಂದ ಅದೂ ಇಲ್ಲ. ಯಾಕೆ ಬರೆದಿಲ್ಲ ಎಂದು ಕೇಳಿದವರಿಗೆ ಜಯರಾಮ ಕಣ್ಣು ಅರೆಮುಚ್ಚಿ, ‘ಒಳಗೆ ಮಾಗುತ್ತಾ ಇದೆ’ ಅನ್ನುತ್ತಿದ್ದ. ಎಂಟು ವರ್ಷ ಮಾಗಿದ್ದು ಕೊಳೆಯದೆ ಉಳಿದಿರುತ್ತದೆಯೇ ಎಂದು ಪುಣ್ಯಕ್ಕೆ ಯಾರೂ ಕೇಳುತ್ತಿರಲಿಲ್ಲ.

ಈ ಸಲ ವಿಜಯವಾಡದ ಸರದಿ. ಸಂಘದ ಕಾರ್ಯದರ್ಶಿ ಅಶ್ವತ್ಥ, ಕೋಲಾರದ ಕಡೆಯ ಎಲ್‌ಐಸಿ ಮನುಷ್ಯ, ಫೋನಿನಲ್ಲಿ ಉಬ್ಬಿಹೋಗಿದ್ದ. ‘ಸಾರ್, ಸೃಜನಶೀಲ ಬದುಕು ಮತ್ತು ಕಲಾಪ್ರೇಮ, ಇದೇ ನಿಮ್ಮ ಟಾಪಿಕ್ಕು. ನಲವತ್ತೈದು ನಿಮಿಷ ನಿಮ್ದೇ ಸಾರ್, ಯಾರೂ ಡಿಸ್ಟರ್ಬ್ ಮಾಡಲ್ಲ. ತಪ್ಪದೆ ರಾವಾಲಿ ಸಾರ್ ಮೀರು!’ ಎಂದು ಕೊನೆಯಲ್ಲಿ ತೆಲುಗಿಗೆ ಜಾರಿ, ತಕ್ಷಣ ನಾಲಿಗೆ ಕಚ್ಚಿಕೊಂಡು, ‘ಅಂದ್ರೆ ಬರ್ಲೇಬೇಕು’ ಎಂದು ಸರಿಪಡಿಸಿಕೊಂಡಿದ್ದ. ಹಾಗಾಗಿ ಈ ಭಾನುವಾರ ಬೆಳಗ್ಗೆ ಏಳು ಗಂಟೆಗೆ ಜಯರಾಮ ದುವ್ವಾಡದಲ್ಲಿ ರೈಲು ಹತ್ತಿ ಕಿಟಕಿ ಪಕ್ಕ ಕೂತಿದ್ದ. ರೇಷ್ಮೆಯಂಥ ಜುಬ್ಬ, ಹೆಗಲ ಚೀಲ, ಚೀಲದಲ್ಲಿ ಹದಿನೆಂಟು ಪುಟದ ಭಾಷಣ. ಈ ಭಾಷಣಕ್ಕೂ ಎಂಟು ವರ್ಷ ವಯಸ್ಸಾಗಿತ್ತು. ಪ್ರತಿ ವರ್ಷ ಮೊದಲ ಪ್ಯಾರಾದಲ್ಲಿ ಊರಿನ ಹೆಸರು ಬದಲಾಗುತ್ತಿತ್ತು, ಅಷ್ಟೇ. ಕಳೆದ ಸಲ ಹೈದರಾಬಾದಿನಲ್ಲಿ ಊರು ಬದಲಿಸಲು ಮರೆತು ‘ಮೂಸಿ ನದಿಯ ತಟದ’ ಎನ್ನುವ ಕಡೆ ‘ತುಂಗಭದ್ರೆಯ ತಟದ’ ಎಂದು ಓದಿದ್ದ. ಯಾರೂ ಗಮನಿಸಲಿಲ್ಲ. ಗಮನಿಸದಿದ್ದದ್ದು ಅವನಿಗೆ ಮೊದಲು ನೆಮ್ಮದಿ ಕೊಟ್ಟು ಆಮೇಲೆ ಬಹಳ ದಿನ ಕಾಡಿತ್ತು.

ಆದರೆ ಇವತ್ತು ಕಾಡುತ್ತಿದ್ದದ್ದು ಬೇರೆ. ಭಾಷಣದ ಜೊತೆಗೆ ಚೀಲದಲ್ಲಿ ಒಂದು ಕಂದು ಲಕೋಟೆ ಇತ್ತು. ನಿನ್ನೆ ಅಟ್ಟದ ಮೇಲೆ ಭಾಷಣ ಹುಡುಕುತ್ತಿದ್ದಾಗ, ಹಳೆಯ ಪಂಚಾಂಗಗಳ ಕೆಳಗಿನಿಂದ ಅದು ಈಚೆ ಬಂದು ಅವನ ಮೊಣಕಾಲ ಮೇಲೆ ಬಿತ್ತು. ‘ಇಂತಿ, ಗಿರಿಜಾ, ಗಾಜುವಾಕ ಶಾಖೆ’ ಎಂದು ದುಂಡಗಿನ ಅಕ್ಷರ. ಅದೇ ಹೊತ್ತಿಗೆ ಅಶ್ವತ್ಥ ವಾಟ್ಸಾಪಿನಲ್ಲಿ ಆಹ್ವಾನ ಪತ್ರಿಕೆ ಕಳಿಸಿದ್ದ. ಪ್ರಾರ್ಥನೆ, ಸ್ವಾಗತ, ಮಕ್ಕಳ ಛದ್ಮವೇಷ, ಮತ್ತೆ ‘ಅತಿಥಿಗಳ ಪರಿಚಯ: ಶ್ರೀಮತಿ ಗಿರಿಜಾ, ಬ್ಯಾಂಕ್ ಅಧಿಕಾರಿ, ಒನ್ ಟೌನ್ ಶಾಖೆ’. ಜಯರಾಮ ಏಣಿಯ ಮೇಲೇ ಕೂತುಬಿಟ್ಟ. ಕೆಳಗೆ ಏಣಿ ಹಿಡಿದಿದ್ದ ಹೆಂಡತಿ ವೇದವತಿ, ‘ಏನ್ರೀ, ತಲೆ ತಿರುಗ್ತಾ?’ ಅಂದಳು. ‘ಇಲ್ಲ, ಧೂಳು’ ಅಂದ. ವೇದವತಿ ತುಮಕೂರಿನವಳು, ಧೂಳಿಗೆ ಈ ಬಣ್ಣದ ಮುಖ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ‘ಆ ಬ್ಯಾಂಕಿನ ಹೆಣ್ಣುಮಗಳದ್ದಲ್ವಾ ಅದು? ಓದಿ ವಾಪಸ್ ಕೊಡ್ತೀನಿ ಅಂದಿದ್ರಿ. ಹನ್ನೊಂದು ವರ್ಷ ಆಯ್ತು. ಓದಿದ್ರಾ?’ ‘ಓದದೆ ಇರ್ತೀನಾ?’ ಎಂದು ಜಯರಾಮ ರೇಗಿದ. ಅವನು ರೇಗಿದ ರೀತಿಯಲ್ಲೇ ಅವಳಿಗೆ ಉತ್ತರ ಸಿಕ್ಕಿತು, ಏಣಿ ಬಿಟ್ಟು ಒಲೆಯ ಕಡೆ ಹೋದಳು.

ಹನ್ನೊಂದು ವರ್ಷದ ಹಿಂದೆ ಗಾಜುವಾಕದ ಬ್ಯಾಂಕಿಗೆ ಧಾರವಾಡದ ಕಡೆಯಿಂದ ವರ್ಗವಾಗಿ ಬಂದ ಕ್ಲಾರ್ಕ್ ಆಕೆ. ಕೌಂಟರಿನಲ್ಲಿ ಅವನ ಹೆಸರು ನೋಡಿ, ‘ನೀವು ಕಥೀ ಬರಿಯೋ ಜಯರಾಮ ಅವ್ರಾ?’ ಎಂದು ಎದ್ದು ನಿಂತಿದ್ದಳು. ಹಿಂದೆ ಸಾಲು ನಿಂತವರೆಲ್ಲ ಕತ್ತು ಎತ್ತಿ ನೋಡಿದ್ದರು. ಅವನ ಜೀವನದಲ್ಲಿ ಹಾಗೆ ಎದ್ದು ನಿಂತವರು ಆಕೆಯೊಬ್ಬಳೇ, ಈಗಲೂ ಆ ದಾಖಲೆ ಮುರಿದಿಲ್ಲ. ಒಂದು ತಿಂಗಳ ನಂತರ ಈ ಲಕೋಟೆ ಕೊಟ್ಟಳು. ‘ನಾನೂ ಒಂದು ಬರದೀನ್ರಿ ಸರ್. ನೀವು ನೋಡಿ ಹೇಳಬೇಕು.’ ಜಯರಾಮ ಲಕೋಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ‘ಒಂದು ಕೃತಿಯನ್ನು ನಂಬಿ ಕೊಡುವುದು ಸಣ್ಣ ಮಾತಲ್ಲ’ ಅಂದಿದ್ದ. ಎಂಥ ಮಾತು! ಮನೆಗೆ ಬರುವಷ್ಟರಲ್ಲಿ ಆ ಮಾತಿಗೆ ತಾನೇ ಮರುಳಾಗಿ ಲಕೋಟೆಯನ್ನು ಎಲ್ಲಿಟ್ಟೆನೆಂಬುದನ್ನೇ ಮರೆತ.

ಅಲ್ಲ, ಅವನಿಗೂ ಒಂದು ಪದ್ಧತಿ ಇತ್ತು. ಲ್ಯಾಬಿನ ಪದ್ಧತಿ. ಒಂದು ಇಡೀ ರೇಕು ಕಲ್ಲಿದ್ದಲು ಬರುತ್ತದೆ, ಐವತ್ತೆಂಟು ವ್ಯಾಗನ್. ಎಲ್ಲವನ್ನೂ ಸುಟ್ಟು ನೋಡಲಿಕ್ಕಾಗುತ್ತದೆಯೇ? ಇಲ್ಲೊಂದು ಸಲಿಕೆ, ಅಲ್ಲೊಂದು ಸಲಿಕೆ ತೆಗೆದು, ಕುಟ್ಟಿ, ರಾಶಿ ಮಾಡಿ, ನಾಲ್ಕು ಪಾಲು ಮಾಡಿ, ಎರಡನ್ನು ಎಸೆದು, ಮತ್ತೆ ನಾಲ್ಕು ಮಾಡಿ, ಕೊನೆಗೆ ಒಂದು ಚಮಚ ಪುಡಿ ಉಳಿಯುತ್ತದೆ. ಆ ಚಮಚ ಹೇಳಿದ್ದೇ ರೇಕಿನ ಜಾತಕ. ಜಯರಾಮ ಸಾಹಿತ್ಯವನ್ನೂ ಹೀಗೇ ಓದುತ್ತಿದ್ದ. ಮೊದಲ ಪುಟ, ನಡುವಿನ ಒಂದು ಪುಟ, ಕೊನೆಯ ಪುಟ. ತನ್ನ ಮೂಗು ಅಷ್ಟು ಚುರುಕು, ಒಂದು ಚಮಚ ಸಾಕು ಎಂದು ನಂಬಿದ್ದ. ಯುವ ಬರಹಗಾರರು ಪುಸ್ತಕ ಕಳಿಸಿದರೆ ಮೂರು ಪುಟ ನೋಡಿ ಮೂರು ಸಾಲು ಬರೆಯುತ್ತಿದ್ದ. ‘ಆರಂಭ ಅದ್ಭುತ. ಪಾತ್ರಗಳು ಉಸಿರಾಡುತ್ತವೆ. ಕೊನೆ ಸ್ವಲ್ಪ ಸಡಿಲ.’ ಈ ಮೂರು ಸಾಲು ಹೊಂದದ ಪುಸ್ತಕವನ್ನು ಅವನು ಇನ್ನೂ ಕಂಡಿಲ್ಲ. ಎಲ್ಲರ ಕೊನೆಯೂ ಸ್ವಲ್ಪ ಸಡಿಲವೇ, ಇದರಲ್ಲಿ ಸುಳ್ಳೇನು? ಬರೆದವನಿಗೂ ಎದೆಯಲ್ಲಿ ಆ ಅನುಮಾನ ಇದ್ದೇ ಇರುತ್ತದೆ, ‘ಎಂಥ ಸೂಕ್ಷ್ಮ ಓದುಗ!’ ಎಂದು ಕೈ ಮುಗಿಯುತ್ತಾನೆ.

ಗಿರಿಜಾಳ ಲಕೋಟೆಯಿಂದ ಆ ಚಮಚವನ್ನೂ ಅವನು ತೆಗೆದಿರಲಿಲ್ಲ. ಎರಡು ತಿಂಗಳು ಬ್ಯಾಂಕಿನ ರಸ್ತೆ ಬಿಟ್ಟು ಸುತ್ತಿಕೊಂಡು ಓಡಾಡಿದ. ಒಂದು ದಿನ ಹೋಗಲೇಬೇಕಾಯಿತು, ಪಾಸ್‌ಬುಕ್ ಎಂಟ್ರಿ. ಆಕೆ ತಲೆ ಎತ್ತಿ ನೋಡಿದಳು, ಕೇಳಲಿಲ್ಲ, ಸುಮ್ಮನೆ ಕಾದಳು. ಆ ಸುಮ್ಮನಿರುವಿಕೆ ತಾಳಲಾರದೆ ಜಯರಾಮನ ಬಾಯಿಂದ ತಾನಾಗಿ ಉದುರಿತು: ‘ಓದಿದೆ. ಆರಂಭ ಅದ್ಭುತ. ಪಾತ್ರಗಳು ಉಸಿರಾಡುತ್ತವೆ. ಕೊನೆ ಸ್ವಲ್ಪ ಸಡಿಲ.’ ಆಕೆ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ‘ಹೌದೇನ್ರಿ ಸರ್?’ ಅಂದಳು. ‘ಸ್ವಲ್ಪ ಬಿಗಿ ಮಾಡಿ. ಇರಲಿ, ನನ್ನ ಹತ್ತಿರವೇ ಇರಲಿ, ಇನ್ನೊಂದು ಸಲ ಓದಬೇಕು’ ಅಂದ. ಇನ್ನೊಂದು ಸಲವಂತೆ! ಆಕೆ ‘ಆತ್ರಿ’ ಎಂದು ಪಾಸ್‌ಬುಕ್ ಕೈಗಿಟ್ಟಳು. ಮಳೆಗಾಲ ಮುಗಿಯುವಷ್ಟರಲ್ಲಿ ಆಕೆಗೆ ಬೇರೆ ಊರಿಗೆ ವರ್ಗವಾಯಿತು. ಬ್ಯಾಂಕಿನವರಿಗೆ ವರ್ಗ ಆಗುತ್ತಲೇ ಇರುತ್ತದೆ, ದೇವರು ದೊಡ್ಡವನು ಎಂದು ಜಯರಾಮ ಅಂದುಕೊಂಡಿದ್ದ.

ಲ್ಯಾಬಿನಲ್ಲಿ ಇದಕ್ಕೊಂದು ಹೆಸರಿದೆ. ಸ್ಯಾಂಪಲ್ ತೆಗೆಯದೆ, ಕುರ್ಚಿಯಿಂದ ಏಳದೆ, ಕಳೆದ ತಿಂಗಳ ಅಂಕಿ ನೋಡಿ ಅಂದಾಜಿನಲ್ಲಿ ರಿಪೋರ್ಟು ಬರೆದರೆ ಅದು ‘ಟೇಬಲ್ ರಿಪೋರ್ಟು’. ಸಾಯಿ ಎಂಬ ಜೂನಿಯರ್ ಕೆಮಿಸ್ಟ್, ಎರಡು ಮಕ್ಕಳ ತಂದೆ, ಒಂದು ಸಲ ಜ್ವರದಲ್ಲಿ ಟೇಬಲ್ ರಿಪೋರ್ಟು ಬರೆದು ಸಿಕ್ಕಿಬಿದ್ದಾಗ ಜಯರಾಮ ಎಲ್ಲರ ಮುಂದೆ ಅವನನ್ನು ನಿಲ್ಲಿಸಿ ಅರ್ಧ ಗಂಟೆ ತೆಲುಗಿನಲ್ಲಿ ಪ್ರಾಮಾಣಿಕತೆಯ ಮೇಲೆ ಮಾತಾಡಿದ್ದ. ‘ನೋಡದೆ ರುಜು ಹಾಕುವ ಕೈ ಕಳ್ಳನ ಕೈಯಯ್ಯಾ’ ಅಂದಿದ್ದ. ಸಾಯಿ ಮೂರು ತಿಂಗಳ ನಂತರ ಕೆಲಸ ಬಿಟ್ಟು ಹೋದ. ಯಾಕೋ ಇವತ್ತು ಅನಕಾಪಲ್ಲಿ ದಾಟುವಾಗ ಸಾಯಿಯ ಕೆಂಪು ಕಣ್ಣುಗಳೇ ಕಿಟಕಿಯಲ್ಲಿ ಕಂಡವು. ಜ್ವರ ಇತ್ತು ಪಾಪ, ನೂರಾಮೂರು. ತನಗೆ ಏನಿತ್ತು? ಏನೂ ಇರಲಿಲ್ಲ. ತನಗೆ ಬರೀ ಸೋಮಾರಿತನ ಇತ್ತು, ಅದರ ಮೇಲೆ ಹೊದಿಸಲು ಒಂದು ಕಲಾಪ್ರೇಮ ಇತ್ತು.

ಈಗ ಪ್ರಶ್ನೆ ಇಷ್ಟೇ. ಇನ್ನು ಐದು ಗಂಟೆಯಲ್ಲಿ ಗಿರಿಜಾ ಮೈಕಿನ ಮುಂದೆ ನಿಂತು ಇವನು ಯಾರು ಎಂದು ಜನರಿಗೆ ಹೇಳುವವಳು. ಓದುಗ, ರಸಿಕ, ಸಾಹಿತ್ಯವನ್ನು ಉಸಿರಾಡುವವನು. ಎಂಟು ವರ್ಷದಿಂದ ಬರೆಯದವನ ಹತ್ತಿರ ಉಳಿದಿದ್ದ ಆಸ್ತಿ ಅದೊಂದೇ. ಆಕೆ ಕಥೆಯ ಬಗ್ಗೆ ಒಂದು ಪ್ರಶ್ನೆ ಕೇಳಿದರೆ ಸಾಕು, ಆ ಆಸ್ತಿಯೂ ಹೋಯಿತು. ಓದಿಬಿಡೋಣ, ಐದು ಗಂಟೆ ಧಾರಾಳವಾಯಿತು ಎಂದು ಲಕೋಟೆ ಬಿಚ್ಚಿದ. ಬ್ಯಾಂಕಿನ ಹಳೆಯ ಫಾರಂಗಳ ಬೆನ್ನಿಗೆ ಬರೆದಿದ್ದಳು, ನಲವತ್ತು ಹಾಳೆ. ಬಿಚ್ಚುವಾಗ ಅವನ ಮನಸ್ಸಿನಲ್ಲಿ ಇದ್ದ ಆಸೆಯನ್ನು ಮುಚ್ಚಿಡುವುದು ಬೇಡ: ಕಥೆ ಕೆಟ್ಟದಾಗಿರಲಿ. ಅತ್ತೆ ಸೊಸೆ ಜಗಳ ಇರಲಿ, ಕೊನೆಯಲ್ಲಿ ಎಲ್ಲರೂ ಅಳಲಿ. ಆಗ ತಾನು ಓದದಿದ್ದದ್ದು ತಪ್ಪೇ ಅಲ್ಲ, ಮುಂದಾಲೋಚನೆ.

ಕೆಟ್ಟದಾಗಿರಲಿಲ್ಲ. ಅಯ್ಯೋ, ಕೆಟ್ಟದಾಗಿರಲಿಲ್ಲ. ಮೊದಲ ಪುಟದಲ್ಲೇ ಅವನಿಗೆ ಅದು ತಿಳಿಯಿತು. ನವೆಂಬರ್ ತಿಂಗಳು, ಬ್ಯಾಂಕಿನ ಮುಂದೆ ಪಿಂಚಣಿಯ ಮುದುಕರ ಸಾಲು. ವರ್ಷಕ್ಕೊಮ್ಮೆ ಬಂದು, ತಾನು ಬದುಕಿದ್ದೇನೆ ಎಂದು ಫಾರಂ ತುಂಬಿ ರುಜು ಹಾಕಬೇಕು. ಬದುಕಿರುವವರನ್ನು ಕಣ್ಣಾರೆ ನೋಡಿ, ಹೌದು ಬದುಕಿದ್ದಾರೆ ಎಂದು ಸೀಲು ಒತ್ತುವ ಕೆಲಸ ಕಥೆಯ ಕ್ಲಾರ್ಕಿನದು. ಸಾಲಿನಲ್ಲಿ ಲಕ್ಷ್ಮೀಕಾಂತಮ್ಮ ಎಂಬ ಮುದುಕಿ. ಪ್ರತಿ ವರ್ಷ ಅದೇ ಹಸಿರು ಸೀರೆ ಉಟ್ಟು ಬರುತ್ತಾಳೆ, ಬದುಕಿರುವುದಕ್ಕೆಂದೇ ತೆಗೆದಿಟ್ಟ ಸೀರೆ. ಪ್ರತಿ ವರ್ಷ ಅವಳ ರುಜು ಒಂದಿಷ್ಟು ಅಲುಗಿ, ಹಳೆಯ ರುಜುವಿಗೆ ಹೊಂದದೆ ಹೋಗುತ್ತದೆ. ‘ಇದು ನಾನೇನಮ್ಮಾ’ ಎಂದು ಮುದುಕಿ ನಗುತ್ತಾಳೆ. ಕ್ಲಾರ್ಕ್ ಎರಡು ರುಜುಗಳನ್ನು ಅಕ್ಕಪಕ್ಕ ಇಟ್ಟು, ಯಾವುದು ಆಕೆ ಎಂದು ನೋಡುತ್ತಾಳೆ. ಅಷ್ಟೇ. ಏನೂ ಆಗುವುದಿಲ್ಲ, ಆದರೆ ಜಯರಾಮ ತುನಿ ಸ್ಟೇಷನ್ ಬಂದದ್ದನ್ನೂ ಹೋದದ್ದನ್ನೂ ನೋಡಲಿಲ್ಲ. ಎದುರಿನವರು ಪೊಟ್ಟಣ ಬಿಚ್ಚಿ ಇಡ್ಲಿ ತಿಂದರು, ‘ತೀಸ್ಕೋಂಡಿ ಸಾರ್’ ಎಂದು ಚಾಚಿದರು, ಅವನು ತಲೆ ಎತ್ತಲಿಲ್ಲ. ನಡುವಿನ ಪುಟಕ್ಕೆ ಹಾರುವ ಚಾಳಿ ಬೆರಳಿಗೆ ಎರಡು ಸಲ ಬಂತು, ಎರಡು ಸಲವೂ ಬೆರಳೇ ಹಿಂದೆ ಸರಿಯಿತು.

ಅವನಿಗೆ ತನ್ನ ಮೊದಲ ಕಥೆ ನೆನಪಾಯಿತು. ಆಗ ಇಪ್ಪತ್ತಾರು ವರ್ಷ, ಬಂದರಿನಲ್ಲಿ ಸ್ಯಾಂಪಲ್ ಚೀಲಕ್ಕೆ ಕಟ್ಟುವ ರಟ್ಟಿನ ಚೀಟಿಗಳ ಹಿಂದೆ ಬರೆಯುತ್ತಿದ್ದ. ಒಂದು ಚೀಟಿಗೆ ನಾಲ್ಕು ಸಾಲು. ಸಂಜೆ ಗಾಜುವಾಕದ ಬಸ್ಸಿನಲ್ಲಿ ಜೇಬಿನ ತುಂಬ ಚೀಟಿ, ಬೆರಳ ತುಂಬ ಮಸಿ, ಮೂಗಿನ ತುಂಬ ಕಲ್ಲಿದ್ದಲ ಪುಡಿ, ಎಂಥ ಸುಖ ಅದು! ಯಾರಿಗೂ ತೋರಿಸುವ ಹಂಬಲವಿರಲಿಲ್ಲ, ಮುಂದಿನ ಚೀಟಿಯಲ್ಲಿ ಏನು ಬರುತ್ತದೆ ಎಂಬ ಕುತೂಹಲ ಮಾತ್ರ. ಈ ಹೆಂಗಸು ಫಾರಂ ಬೆನ್ನಿಗೆ ಬರೆದಿದ್ದಾಳೆ, ತಾನು ಚೀಟಿ ಬೆನ್ನಿಗೆ ಬರೆದಿದ್ದೆ, ಒಂದೇ ಮನೆಯವರು. ಆ ಮನೆಯಿಂದ ತಾನು ಯಾವಾಗ ಎದ್ದು ಬಂದೆ? ಪುಸ್ತಕ ಬಂದ ಮೇಲೆ ಇರಬೇಕು. ಮೊದಲ ಶಾಲು ಹೊದಿಸಿದ ದಿನ ಬೆನ್ನು ಬೆಚ್ಚಗಾಯಿತು, ಆಮೇಲೆ ಬೆನ್ನಿಗೆ ಆ ಬಿಸುಪೇ ಬೇಕಾಯಿತು. ಈ ಸಾಲು ಚೆನ್ನಾಗಿದೆ ಅನ್ನಿಸಿತು, ಭಾಷಣದಲ್ಲಿ ಹಾಕಬಹುದು. ಹಾಗೆ ಅನ್ನಿಸಿದ್ದೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು, ಆದರೂ ಸಾಲನ್ನು ಭಾಷಣದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಂಡ. ಹೇಸಿಗೆ ಬೇರೆ, ಭಾಷಣ ಬೇರೆ.

ಗೋದಾವರಿ ಸೇತುವೆ ಬಂದಾಗ ಕೊನೆಯ ಹಾಳೆಗೆ ಬಂದಿದ್ದ. ಆ ವರ್ಷ ನವೆಂಬರ್ ಮುಗಿದರೂ ಲಕ್ಷ್ಮೀಕಾಂತಮ್ಮ ಬರುವುದಿಲ್ಲ. ಕ್ಲಾರ್ಕ್ ಒಂದು ಖಾಲಿ ಫಾರಂ ಚೀಲದಲ್ಲಿಟ್ಟುಕೊಂಡು, ವಿಳಾಸ ಹುಡುಕಿ, ಓಣಿಗಳಲ್ಲಿ ಕೇಳುತ್ತಾ ಹೋಗುತ್ತಾಳೆ. ಬಾಗಿಲ ಮುಂದೆ ನಿಲ್ಲುತ್ತಾಳೆ. ಹೊರಗೆ ಹಗ್ಗದ ಮೇಲೆ ಹಸಿರು ಸೀರೆ ಒಣಗುತ್ತಿದೆ. ತಟ್ಟಲು ಕೈ ಎತ್ತುತ್ತಾಳೆ. ಅಲ್ಲಿಗೆ ನಿಂತಿತ್ತು. ಕೆಳಗೆ ಗೆರೆ ಎಳೆದು, ದುಂಡಗಿನ ಅಕ್ಷರದಲ್ಲಿ: ‘ಸರ್, ಬಾಗಿಲ ತನಕ ಬಂದಿದ್ದೇನೆ. ಒಳಗೆ ಹೇಗೆ ಹೋಗುವುದೋ ತಿಳಿಯುತ್ತಿಲ್ಲ. ಕೊನೆ ಬರೆದಿಲ್ಲ. ತಾವು ಓದಿ ದಾರಿ ತೋರಿಸಬೇಕು.’

ಸುತ್ತ ಎಲ್ಲರೂ ಎದ್ದು ನದಿಗೆ ನಾಣ್ಯ ಎಸೆಯುತ್ತಾ ಕೈ ಮುಗಿಯುತ್ತಿದ್ದರು. ಜಯರಾಮ ಆ ನಾಲ್ಕು ಸಾಲನ್ನು ನಾಲ್ಕು ಸಲ ಓದಿದ. ಕೊನೆ ಇರಲೇ ಇಲ್ಲ. ಇಲ್ಲದ ಕೊನೆಯನ್ನು ಅವನು ಸಡಿಲ ಅಂದಿದ್ದ. ಬಿಗಿ ಮಾಡಿ ಎಂದು ಕೈ ಬೇರೆ ಆಡಿಸಿ ತೋರಿಸಿದ್ದ! ‘ಹೌದೇನ್ರಿ ಸರ್?’ ಎಂದಾಗ ಆಕೆಯ ಮುಖದಲ್ಲಿ ಕಂಡದ್ದು ಗೌರವ ಎಂದು ಹನ್ನೊಂದು ವರ್ಷ ನಂಬಿದ್ದ ಮಹಾನುಭಾವ. ಆಕೆಗೆ ಆ ಗಳಿಗೆಯಲ್ಲೇ ಎಲ್ಲ ಗೊತ್ತಾಗಿತ್ತು, ಗೊತ್ತಾಗಿಯೂ ಪಾಸ್‌ಬುಕ್ಕಿಗೆ ಸೀಲು ಒತ್ತಿ ಕೊಟ್ಟಿದ್ದಳು. ರಾಜಮಂಡ್ರಿಯಲ್ಲಿ ಇಳಿದುಬಿಡಲೇ? ಜ್ವರ ಎಂದು ಫೋನ್ ಮಾಡಲೇ? ಸೇತುವೆ ಮುಗಿದಿತ್ತು, ರಾಜಮಂಡ್ರಿ ಹಿಂದೆ ಉಳಿದಿತ್ತು. ಜ್ವರದ ನೆಪಕ್ಕೆ ಸಾಯಿಯೂ ಅಡ್ಡ ಬಂದ.

ಆಗ ಅವನು ಮಾಡಿದ ಕೆಲಸ ಯಾವ ಸಾಹಿತಿಯೂ ಮಾಡುವಂಥದ್ದೇ. ಪೆನ್ಸಿಲ್ ತೆಗೆದು, ಆಕೆಯ ನಾಲ್ಕು ಸಾಲಿನ ಕೆಳಗೆ, ಕಥೆಯ ಕೊನೆಯನ್ನು ತಾನೇ ಬರೆದ. ಪ್ರಾಯಶ್ಚಿತ್ತ ಎಂದು ಶುರುಮಾಡಿದ್ದು. ಬಾಗಿಲು ತೆರೆಯುತ್ತದೆ, ಒಳಗೆ ಕತ್ತಲೆ, ಗೋಡೆಯ ಮೇಲೆ ಕನ್ನಡಿ, ಕನ್ನಡಿಯಲ್ಲಿ ಕ್ಲಾರ್ಕಿಗೆ ತನ್ನದೇ ಮುದಿ ಮುಖ ಕಾಣುತ್ತದೆ. ತಾಡೇಪಲ್ಲಿಗೂಡೆಂ ದಾಟುವಾಗ ಇದು ಎಂಟು ವರ್ಷದಲ್ಲಿ ತಾನು ಬರೆದ ಅತ್ಯುತ್ತಮ ಪುಟ ಎನ್ನಿಸಿತು. ಎಂಟು ವರ್ಷದಲ್ಲಿ ಬರೆದ ಒಂದೇ ಪುಟವೂ ಅದಾಗಿದ್ದರಿಂದ ಆ ತೀರ್ಪಿನಲ್ಲಿ ಮೋಸವಿರಲಿಲ್ಲ. ಏಲೂರು ಬರುವಷ್ಟರಲ್ಲಿ ನಾಚಿಕೆ ಹೋಗಿ ಒಂದು ಬಗೆಯ ಹುರುಪು ಬಂದಿತ್ತು. ಕೈಗೆ ಕೊಡುತ್ತೇನೆ, ಓದುತ್ತಾಳೆ, ಕಣ್ಣು ಒದ್ದೆಯಾಗುತ್ತದೆ, ‘ಸರ್, ಇದಕ್ಕ ಕಾಯ್ತಿದ್ದೆ’ ಅನ್ನುತ್ತಾಳೆ. ಅವನು ಆ ದೃಶ್ಯವನ್ನು ಎರಡು ಸಲ ನಡೆಸಿ ನೋಡಿದ, ಎರಡನೆಯ ಸಲ ಆಕೆಯ ಮಾತನ್ನು ಸ್ವಲ್ಪ ತಿದ್ದಿದ.

ವಿಜಯವಾಡದಲ್ಲಿ ಅಶ್ವತ್ಥ ಆಟೊ ಹಿಡಿದು ಕಾದಿದ್ದ. ‘ಟ್ರೈನ್ ಲೇಟು ಸಾರ್, ಪರವಾಗಿಲ್ಲ, ನಮ್ದೂ ಲೇಟು.’ ಒನ್ ಟೌನಿನ ಸಗಟು ಅಂಗಡಿಗಳ ನಡುವೆ, ಮೆಣಸಿನಕಾಯಿಯ ಘಾಟಿಗೆ ಇಬ್ಬರೂ ಸೀನುತ್ತಾ, ಒಂದು ಕಲ್ಯಾಣ ಮಂಟಪದ ಮೆಟ್ಟಿಲು ಹತ್ತಿದರು. ‘ಇವತ್ತು ಊಟಾನೇ ಹೈಲೈಟು ಸಾರ್. ಕೋಟೇಶ್ವರಮ್ಮ ಅಂತ, ಇಲ್ಲಿಯವರೇ, ನಮ್ಮವರ ಮನೆಗಳಲ್ಲಿ ಅಡುಗೆ ಮಾಡಿ ಮಾಡಿ ಬಿಸಿಬೇಳೆಭಾತ್ ನಮಗಿಂತ ಚೆನ್ನಾಗಿ ಮಾಡ್ತಾರೆ.’ ಸಭೆಯಲ್ಲಿ ಎಪ್ಪತ್ತು ಜನ, ಅರ್ಧ ಮಕ್ಕಳು. ಛದ್ಮವೇಷ ನಡೆಯುತ್ತಿತ್ತು. ಮೂವರು ಒನಕೆ ಓಬವ್ವಂದಿರು ಒಬ್ಬರನ್ನೊಬ್ಬರು ನೋಡಿ ಅಳುತ್ತಿದ್ದರು, ತಾಯಂದಿರು ತೆಲುಗಿನಲ್ಲಿ ಸಮಾಧಾನ ಮಾಡುತ್ತಿದ್ದರು. ವೇದಿಕೆಯ ಮೂಲೆಯಲ್ಲಿ ಗಿರಿಜಾ ನಿಂತಿದ್ದಳು. ಕೂದಲು ನರೆತಿತ್ತು, ಕನ್ನಡಕ ಬಂದಿತ್ತು, ದಾರ ಕಟ್ಟಿ ಎದೆಯ ಮೇಲೆ ಇಳಿಬಿಟ್ಟಿದ್ದಳು. ‘ಆರಾಮ ಇದ್ದೀರೇನ್ರಿ ಸರ್? ಪ್ರಯಾಣ ಸರಿ ಆತು?’ ಎಂದು ನಕ್ಕಳು. ಆ ನಗುವಿನಲ್ಲಿ ಏನಿದೆ ಎಂದು ಜಯರಾಮ ಹುಡುಕಿದ. ಏನೂ ಸಿಗಲಿಲ್ಲ, ಸಿಗದಿದ್ದದ್ದಕ್ಕೆ ಇನ್ನಷ್ಟು ಭಯವಾಯಿತು.

ಮೈಕಿನ ಮುಂದೆ ಆಕೆ ಚೀಟಿ ಇಟ್ಟುಕೊಂಡಿರಲಿಲ್ಲ. ಅವನ ಊರು, ಪುಸ್ತಕ, ಲ್ಯಾಬು ಹೇಳಿದಳು. ಆಮೇಲೆ, ‘ಜಯರಾಮ ಸರ್ ಭಾಳ ದೊಡ್ಡ ಓದುಗರು. ನಾನು ಒಂದ್ಸಲ ಒಂದು ಕಥೀ ಕೊಟ್ಟಿದ್ದೆ. ಅವರು ಅದರ ಬಗ್ಗೆ ಹೇಳಿದ ಮಾತು ಇವತ್ತಿಗೂ ಮರತಿಲ್ಲ. ಆ ಮಾತಿನಿಂದನ ನನ್ನ ಕಥೀ ಮುಗೀತು’ ಅಂದಳು. ಜನ ಚಪ್ಪಾಳೆ ತಟ್ಟಿದರು. ಜಯರಾಮ ಕುರ್ಚಿಯಲ್ಲಿ ನಗುವ ಮುಖ ಹಿಡಿದು ಕೂತಿದ್ದ, ಕೆನ್ನೆ ನೋಯುತ್ತಿತ್ತು. ಮುಗೀತು ಅಂದರೆ? ಮುಗಿಸಿದೆ ಎಂದೋ, ಸತ್ತುಹೋಯಿತು ಎಂದೋ? ಸಭೆಯಲ್ಲಿ ಅದನ್ನು ಯೋಚಿಸುತ್ತಿದ್ದವನು ಅವನೊಬ್ಬನೇ.

ಎದ್ದು ನಿಂತಾಗ ಅವನು ಎಲ್ಲವನ್ನೂ ಹೇಳಿಬಿಡಬೇಕೆಂದಿದ್ದ. ನಿಜವಾಗಿ ಅಂದುಕೊಂಡಿದ್ದ, ಗಂಟಲವರೆಗೆ ಬಂದಿತ್ತು. ‘ನಾನು ಆ ಕಥೆಯನ್ನು ಓದಿರಲಿಲ್ಲ’: ನಾಲ್ಕೇ ಪದ. ಆದರೆ ಮೈಕು ಹಿಡಿದ ತಕ್ಷಣ ಅವನ ದನಿ ತಾನಾಗಿ ಇಳಿದು ಗಂಭೀರವಾಯಿತು. ‘ಬಂಧುಗಳೇ, ಕೃಷ್ಣೆಯ ತಟದ ಈ ಊರಿನಲ್ಲಿ...’ ಊರು ಸರಿಯಾಗಿತ್ತು. ‘ಕಲೆಯನ್ನು ಪ್ರೀತಿಸುತ್ತೇವೆ ಎನ್ನುವ ನಾವು ಓದುವುದಿಲ್ಲ. ನಾವೆಲ್ಲರೂ ಓದದೆ ತೀರ್ಪು ಕೊಡುವ ಅಪರಾಧಿಗಳು. ಮೊದಲ ಶಾಲು ಹೊದಿಸಿದ ದಿನ ಬೆನ್ನು ಬೆಚ್ಚಗಾಗುತ್ತದೆ...’ ಎಂಥ ವಿನಯ ಎಂದು ಮುಂದಿನ ಸಾಲಿನ ಹಿರಿಯರು ತಲೆದೂಗಿದರು. ತಪ್ಪೊಪ್ಪಿಗೆಗೆ ಚಪ್ಪಾಳೆ ಬಿತ್ತು. ತನ್ನೊಬ್ಬನ ಪಾಪವನ್ನು ಎಪ್ಪತ್ತು ಜನಕ್ಕೆ ಸಮನಾಗಿ ಹಂಚಿ ಅವನು ಹಗುರಾಗಿದ್ದ. ಏಳನೆಯ ನಿಮಿಷಕ್ಕೆ ಅಶ್ವತ್ಥ ಒಂದು ಚೀಟಿ ತಂದು ಇಟ್ಟ: ‘ಸಾರ್ ಮುಗಿಸಿ. ಭಾತ್ ಆರ್ತಾ ಇದೆ.’

ಶಾಲು ಹೊದಿಸಿದರು, ಫೋಟೊ ತೆಗೆದರು. ಫೋಟೊ ಆದ ಕೂಡಲೇ ಅಶ್ವತ್ಥ ಕಿವಿಯಲ್ಲಿ, ‘ಸಾರ್, ತಪ್ಪು ತಿಳ್ಕೋಬೇಡಿ, ಒಂದೇ ಶಾಲು ಇರೋದು. ಇನ್ನೊಬ್ಬ ಗೆಸ್ಟು ಡಾಕ್ಟರ್ ಕಾಮೇಶ್ವರ ಅವರಿಗೂ ಹೊದಿಸ್ಬೇಕು’ ಎಂದು ಮೆಲ್ಲಗೆ ಹೆಗಲಿನಿಂದ ಎಳೆದುಕೊಂಡ. ಬೆಚ್ಚಗೆ ಎನ್ನುವಷ್ಟರಲ್ಲಿ ಬೆನ್ನು ಖಾಲಿಯಾಯಿತು.

ಊಟದ ಸಾಲಿನ ಹತ್ತಿರ ಜಯರಾಮ ಗಿರಿಜಾಳನ್ನು ಹಿಡಿದ. ಲಕೋಟೆಯನ್ನು ಎರಡೂ ಕೈಯಲ್ಲಿ ಕೊಟ್ಟ. ‘ತಡವಾಯಿತು. ಕ್ಷಮಿಸಬೇಕು. ಇವತ್ತು ರೈಲಿನಲ್ಲಿ ಪೂರ್ತಿ ಓದಿದೆ. ಅದ್ಭುತ. ಕೊನೆಯಲ್ಲಿ ನೀವು ದಾರಿ ಕೇಳಿದ್ದೀರಿ... ನಾನೊಂದು ಪುಟ ಬರೆದಿದ್ದೇನೆ, ನೋಡಿ.’ ಆಕೆ ಹಾಳೆಗಳನ್ನು ಈಚೆ ತೆಗೆದಳು, ಕೊನೆಯದನ್ನು ಮೇಲೆ ಹಿಡಿದಳು, ಪೆನ್ಸಿಲ್ ಗೆರೆಗಳ ಮೇಲೆ ಕಣ್ಣಾಡಿಸಿದಳು. ಆಕೆ ತಲೆ ಎತ್ತಿದಳು.

‘ಆರಂಭ ಅದ್ಭುತ ಅದ ಸರ್. ಪಾತ್ರಗಳು ಉಸಿರಾಡ್ತಾವ. ಕೊನೆ ಸ್ವಲ್ಪ ಸಡಿಲ.’

ಕನ್ನಡಕ ಆಕೆಯ ಎದೆಯ ಮೇಲೇ ತೂಗುತ್ತಿತ್ತು. ಅದನ್ನು ಕಣ್ಣಿಗೇರಿಸಿಯೇ ಇರಲಿಲ್ಲ. ಜಯರಾಮನ ಬಾಯಿಂದ ‘ಹೌದಾ?’ ಎಂಬ ಒಂದು ಸಣ್ಣ ದನಿ ಹೊರಟಿತು. ಗಿರಿಜಾ ನಗಲಿಲ್ಲ. ಆಕೆಯ ಮುಖದಲ್ಲಿ ಗೆದ್ದ ಸಂಭ್ರಮವೂ ಇರಲಿಲ್ಲ, ಹಳೆಯ ನೋವೊಂದು ಬಂದು ಕೂತು ಎದ್ದು ಹೋದ ಹಾಗಿತ್ತು.

‘ಆವತ್ತು ಕೌಂಟರ್‌ನ್ಯಾಗ ಭಾಳ ಕೆಟ್ಟ ಅನ್ನಿಸ್ತು ಸರ್’ ಅಂದಳು. ‘ಮನೀಗೆ ಹೋಗಿ ಅತ್ತಬಿಟ್ಟೆ. ಓದಿಲ್ಲಂದ್ರ ಓದಿಲ್ಲ ಅನ್ನಬೇಕಿತ್ತು ನೀವು. ಆಮ್ಯಾಲೆ ಲಕ್ಷ್ಮೀಕಾಂತಮ್ಮನ್ನ ಕೇಳಿದೆ.’

‘ಅವರು... ನಿಜವಾಗಿ ಇದ್ದರಾ?’

‘ಇದ್ರಲ್ಲ. ಗಾಜುವಾಕ ಬ್ಯಾಂಕಿಗೆ ಬರೋರು. ಹಿಂಗ ನಿಮ್ಮ ಮ್ಯಾಲೆ ಒಂದು ಕಥೀ ಬರದೀನಿ, ಬಾಗಿಲ ತನಕ ಬಂದು ನಿಂತೀನಿ ಅಂತ ಹೇಳಿದೆ. ಸ್ಟೂಲ್ ಹಾಕಿ ಕೂಡಿಸಿ, ನಲವತ್ತೂ ಹಾಳಿ ನೆನಪಿಂದ ತೆಲುಗಿನ್ಯಾಗ ಹೇಳಿದೆ. ಮೂರು ದಿವ್ಸ ಬಂದು ಪೂರಾ ಕೇಳಿದ್ರು. ಒಳಗ ಏನಿರ್ತದ ಅಂತ ಅವರ ಹೇಳಿದ್ರು. ಆ ವಾರಾನೇ ಬರದು ಮುಗಿಸಿದೆ.’

‘ಏನು ಹೇಳಿದರು?’

ಕೇಳಿದ ಮೇಲೆ ಜಯರಾಮನಿಗೇ ಆಶ್ಚರ್ಯವಾಯಿತು. ಅವನ ದನಿ ಇಳಿದಿರಲಿಲ್ಲ, ಗಂಭೀರವಾಗಿರಲಿಲ್ಲ. ಆ ಬಾಗಿಲು, ಆ ಹಸಿರು ಸೀರೆ, ಎತ್ತಿದ ಕೈ. ಒಳಗೆ ಏನಿತ್ತು? ಅವನಿಗೆ ಗೊತ್ತಾಗಲೇಬೇಕಿತ್ತು. ತೀರ್ಪು ಕೊಡಲು ಅಲ್ಲ, ಭಾಷಣಕ್ಕೆ ಅಲ್ಲ. ಇಪ್ಪತ್ತು ವರ್ಷದಲ್ಲಿ ಮತ್ತೊಬ್ಬರು ಬರೆದದ್ದರ ಕೊನೆಗಾಗಿ ಅವನ ಹೊಟ್ಟೆ ಹೀಗೆ ಹಸಿದಿರಲಿಲ್ಲ. ಕನ್ನಡ ಓದಲೇ ಬಾರದ ಒಬ್ಬ ಮುದುಕಿ ಸ್ಟೂಲಿನ ಮೇಲೆ ಮೂರು ದಿನ ಕೂತು ಪಡೆದದ್ದನ್ನು ಅವನು ಅಟ್ಟದ ಮೇಲೆ ಪಂಚಾಂಗದ ಕೆಳಗೆ ಇಟ್ಟಿದ್ದ.

‘ಏನು ಹೇಳಿದರು ಗಿರಿಜಾ? ಹೇಳಿ, ದಯವಿಟ್ಟು.’

ಗಿರಿಜಾ ಹಾಳೆಗಳನ್ನು ಲಕೋಟೆಗೆ ಹಾಕಿ ಚೀಲದಲ್ಲಿಟ್ಟುಕೊಂಡಳು. ಈಗ ಕನ್ನಡಕ ಏರಿಸಿ ಅವನ ಮುಖವನ್ನು ನೋಡಿದಳು, ರುಜು ಹೊಂದುತ್ತದೆಯೋ ಎಂದು ನೋಡುವವರ ಹಾಗೆ, ಸ್ವಲ್ಪ ಹೊತ್ತು.

‘ಯುಗಾದಿಗೆ ಪುಸ್ತಕ ಬರ್ತದ ಸರ್. ಬಂದಾಗ ಓದ್ರಿ’ ಅಂದಳು. ಎರಡು ಹೆಜ್ಜೆ ಹೋಗಿ ತಿರುಗಿ, ‘ಪೂರಾ ಓದ್ರಿ’ ಅಂದಳು.

ಸಾಲು ಮುಂದೆ ಸರಿಯಿತು. ಯಾರೋ ಜಯರಾಮನ ಕೈಗೆ ಎಲೆಯ ತಟ್ಟೆ ಕೊಟ್ಟರು. ದೊಡ್ಡ ಪಾತ್ರೆಯ ಹಿಂದೆ ಕೋಟೇಶ್ವರಮ್ಮ ಸೆರಗು ಸಿಕ್ಕಿಸಿ ನಿಂತಿದ್ದಳು. ಒಂದು ಸೌಟು ಬಿಸಿಬೇಳೆಭಾತ್ ಹಾಕಿ, ಮೇಲೆ ತುಪ್ಪ ಸುರಿದು, ದೊಡ್ಡ ಸಾಹಿತಿ ಎಂದು ಅಶ್ವತ್ಥ ಹೇಳಿದ್ದನೋ ಏನೋ, ಆಸೆಯಿಂದ ಅವನ ಮುಖ ನೋಡುತ್ತಾ, ‘ಎಲಾ ಉಂದಂಡಿ, ಸಾರ್?’ ಎಂದು ಕೇಳಿದಳು. ಹೇಗಿದೆ ಎಂದು.

‘ಚಾಲಾ ಬಾಗುಂದಮ್ಮಾ’ ಎಂದ ಜಯರಾಮ, ‘ಕಾನಿ ಉಪ್ಪು ಕೊಂಚೆಂ...’ ತುಂಬ ಚೆನ್ನಾಗಿದೆ, ಆದರೆ ಉಪ್ಪು ಸ್ವಲ್ಪ ಎಂದು.

ಕೋಟೇಶ್ವರಮ್ಮ ಅವನ ತಟ್ಟೆ ನೋಡಿದಳು. ಹಾಕಿದ್ದು ಹಾಕಿದ ಹಾಗೇ ಇತ್ತು, ತುಪ್ಪ ಇನ್ನೂ ಕೆಳಗೆ ಇಳಿದಿರಲಿಲ್ಲ.

‘ತಿನಿ ಚೆಪ್ಪಂಡಿ’ ಅಂದಳು. ತಿಂದು ಹೇಳಿ.